ಪಡಸಾಲೆ ಅವರದು, ಜಗಳ ಯಾರದು?

2019ರ ಜೂನ್ ತಿಂಗಳಲ್ಲಿ ವಾಟ್ಸಾಪ್ ಕಂಪನಿ ತನ್ನ ವೆಬ್‌ಸೈಟಿನ ಒಂದು ಮೂಲೆಯಲ್ಲಿ ಸಣ್ಣದೊಂದು ಸೂಚನೆ ಹಾಕಿತು. ಅದೇ ವರ್ಷ ಡಿಸೆಂಬರ್ 7ರಿಂದ, ತಂತ್ರಾಂಶ ಬಳಸಿ ರಾಶಿಗಟ್ಟಲೆ ಮೆಸೇಜ್ ಕಳಿಸುವವರ ಮೇಲೆ, ಹಾಗೆ ಕಳಿಸೋಕೆ ಬೇರೆಯವರಿಗೆ ನೆರವಾಗುವವರ ಮೇಲೆ, ಕೋರ್ಟಿಗೆ ಹೋಗ್ತೀವಿ ಅಂತ. ಜೊತೆಗೆ ಇನ್ನೊಂದು ಮಾತೂ ಇತ್ತು. ದುರುಪಯೋಗದ ಸುಳಿವು ಆ್ಯಪ್ ಒಳಗೇ ಸಿಗಬೇಕು ಅಂತೇನಿಲ್ಲ, ಹೊರಗೆ ಸಿಕ್ಕರೂ ಸಾಕು. ಅಂದ್ರೆ ಯಾರಾದ್ರೂ "ನಾವು ದಿನಕ್ಕೆ ಲಕ್ಷ ವಾಟ್ಸಾಪ್ ಮೆಸೇಜ್ ಕಳಿಸಿಕೊಡ್ತೀವಿ" ಅಂತ ಎಲ್ಲಾದ್ರೂ ಜಾಹೀರಾತು ಕೊಟ್ಟಿದ್ದರೆ ಅದೇ ಸಾಕ್ಷಿ.

ಆ ಸೂಚನೆಯನ್ನು ನಮ್ಮಲ್ಲಿ ಓದಿದವರು ಕಡಿಮೆ. ಓದಿದ ಒಂದಿಬ್ಬರು ಗೆಳೆಯರು "ಒಳ್ಳೇದಾಯ್ತು ಬಿಡು, ಸೈಟ್ ಮಾರೋರ ಕಾಟ ತಪ್ಪುತ್ತೆ" ಅಂದರು. ದೇವನಹಳ್ಳಿ ಏರ್‌ಪೋರ್ಟಿಗೆ ಹತ್ತೇ ನಿಮಿಷ, ನಂದಿ ಬೆಟ್ಟದ ನೋಟ, ಬುಕಿಂಗ್ ಮಾಡಿದವರಿಗೆ ಬೆಳ್ಳಿ ನಾಣ್ಯ, ಇಂಥ ಮೆಸೇಜು ಬಾರದ ಬೆಂಗಳೂರಿಗನ ಫೋನು ಇದೆಯಾ ಹೇಳಿ. ನನಗೂ ಮೊದಲು ಖುಷಿಯೇ ಆಯ್ತು. ಆದ್ರೆ ಯೋಚನೆ ಮಾಡ್ತಾ ಹೋದಂಗೆ ಒಂದು ಪ್ರಶ್ನೆ ಉಳ್ಕೊಳ್ತು. ಮೆಸೇಜಿನಿಂದ ತೊಂದರೆ ಆಗಿದ್ದು ನನಗೆ. ಕೋರ್ಟಿಗೆ ಹೋಗ್ತಿರೋದು ಕಂಪನಿ. ಹಾಗಿದ್ರೆ ಈ ಜಗಳ ಯಾರದು?

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನದು. ಅಲ್ಲಿ ಸುದ್ದಿ ಓಡಾಡೋಕೆ ಮೊದಲು ಎರಡು ಜಾಗ ಇದ್ದವು. ಒಂದು ಅರಳಿಕಟ್ಟೆ, ಇನ್ನೊಂದು ಯಾರಾದ್ರೂ ಅನುಕೂಲಸ್ಥರ ಮನೆಯ ಪಡಸಾಲೆ. ಕಟ್ಟೆ ಯಾರ ಸೊತ್ತೂ ಅಲ್ಲ. ಅಲ್ಲಿ ಸುಳ್ಳು ಹೇಳಿದವನನ್ನು ಕೂತಿದ್ದ ಜನಾನೇ ತರಾಟೆಗೆ ತಗೋತಿದ್ರು. ಪಡಸಾಲೆ ಹಾಗಲ್ಲ. ಅಲ್ಲಿ ಚಾಪೆ ಹಾಸಿ ನೀರು ಮಜ್ಜಿಗೆ ಕೊಡೋನು ಯಜಮಾನ. ಯಾರು ಕೂರಬೇಕು, ಯಾರು ಎದ್ದು ಹೋಗಬೇಕು ಅನ್ನೋದು ಅವನ ಮಾತು. ಅದು ಅವನ ಮನೆ, ಅವನ ಹಕ್ಕು. ತಪ್ಪೇನಿಲ್ಲ.

ವಾಟ್ಸಾಪ್ ಅನ್ನು ನಾವೆಲ್ಲ ಅರಳಿಕಟ್ಟೆ ಅಂದ್ಕೊಂಡಿದೀವಿ. ಕಾನೂನಿನ ಕಣ್ಣಲ್ಲಿ ಅದು ಪಡಸಾಲೆ. ಕಂಪನಿ ಕೋರ್ಟಿಗೆ ಹೋದಾಗ ಅದು ಹೇಳೋದು "ಇವನು ಜನರಿಗೆ ಮೋಸ ಮಾಡಿದ" ಅಂತಲ್ಲ. "ಒಳಗೆ ಬರುವಾಗ ಒಪ್ಪಿದ ಷರತ್ತು ಮುರಿದ, ನನ್ನ ಮನೆಗೆ ಅನುಮತಿ ಇಲ್ಲದೆ ನುಗ್ಗಿದ" ಅಂತ. ಈ ವ್ಯತ್ಯಾಸ ಸಣ್ಣದಲ್ಲ. ಅದಕ್ಕೆ ಮುಂದೆ ಬರ್ತೀನಿ.

ಕಂಪನಿಗೆ ಇಂಥ ಬೆದರಿಕೆ ಹಾಕುವ ಅವಸರ ಯಾಕೆ ಬಂತು ಅಂತ ನೋಡಿದ್ರೆ ಅದರ ಬೇರಿನ ಒಂದು ಎಳೆ ನಮ್ಮ ರಾಜ್ಯದಲ್ಲೇ ಇದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಆಗ ರಾಜ್ಯದ ತುಂಬ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ವಿಡಿಯೊಗಳು, ಧ್ವನಿ ಸಂದೇಶಗಳು ಹರಿದಾಡ್ತಿದ್ದವು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ಭಾಗದ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ 32 ವರ್ಷದ ಎಂಜಿನಿಯರ್ ಒಬ್ಬರು ಸತ್ತರು. ಗೆಳೆಯರ ಜೊತೆ ಕಾರಿನಲ್ಲಿ ಬಂದಿದ್ದವರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಅವರ ವಿಡಿಯೊ ಕಾರಿಗಿಂತ ಮುಂಚೆ ಮುರ್ಕಿಗೆ ತಲುಪಿತ್ತು. ಜನ ದಾರಿಗೆ ಅಡ್ಡ ಹಾಕಿ ಕಾದಿದ್ದರು. ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು.

ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ನಾವು ಮೊದಲಿಂದಲೂ ಇದ್ದೀವಿ. 2012ರ ಆಗಸ್ಟ್‌ನಲ್ಲಿ ವಾಟ್ಸಾಪ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಆಗ ಬರೀ ಎಸ್ಸೆಮ್ಮೆಸ್ ವದಂತಿಗೇ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದ್ರು. ಸರ್ಕಾರ ಆಗ ಕಂಡುಕೊಂಡ ಉಪಾಯ ಏನು ಗೊತ್ತಾ? 15 ದಿನ ಇಡೀ ದೇಶದಲ್ಲಿ ರಾಶಿ ಎಸ್ಸೆಮ್ಮೆಸ್ ಬಂದ್. ಮೊದಲು ದಿನಕ್ಕೆ ಐದೇ ಮೆಸೇಜು, ಆಮೇಲೆ 20. ವದಂತಿ ಹಬ್ಬಿಸಿದವನಿಗೂ, ಅಮ್ಮನಿಗೆ "ಊಟ ಆಯ್ತಾ" ಅಂತ ಕಳಿಸೋನಿಗೂ ಒಂದೇ ಶಿಕ್ಷೆ.

ಇದರ ಎದುರು ನೋಡಿದ್ರೆ ವಾಟ್ಸಾಪ್‌ನ ದಾರಿ ವಾಸಿ ಅನ್ಸುತ್ತೆ. ಊರಿಗೆಲ್ಲ ಬೀಗ ಹಾಕೋ ಬದಲು ತಪ್ಪು ಮಾಡಿದವನನ್ನು ಹಿಡಿ. ಸರಿ, ಹಾಗಾದ್ರೆ ತಪ್ಪು ಮಾಡಿದವನು ಯಾರು? ಇಲ್ಲೇ ಕಷ್ಟ ಇರೋದು.

ನನ್ನ ಚಿಕ್ಕಮ್ಮನ ಮಗನ ಕಥೆ ಹೇಳ್ತೀನಿ. ಪಿಯುಸಿ ಮುಗಿಸಿ ದೇವನಹಳ್ಳಿ ಕಡೆಯ ಒಂದು ಲೇಔಟ್ ಆಫೀಸಿಗೆ ಸೇರಿದ. ಕೆಲಸ ಏನಂದ್ರೆ, ಅವರು ಕೊಟ್ಟ ನಂಬರುಗಳಿಗೆ ಅವರು ಕೊಟ್ಟ ಲ್ಯಾಪ್‌ಟಾಪಿನಿಂದ ಸೈಟಿನ ಚಿತ್ರ ಕಳಿಸೋದು. ಸಿಮ್ ಮಾತ್ರ ಅವನದೇ. ಮೂರನೇ ವಾರಕ್ಕೆ ಅವನ ನಂಬರ್ ವಾಟ್ಸಾಪಿನಿಂದ ಬ್ಯಾನ್ ಆಯ್ತು. ಪುನರ್‌ಪರಿಶೀಲನೆ ಕೇಳೋ ಬಟನ್ ಒತ್ತಿದ. ಆಗಲ್ಲ ಅಂತ ಉತ್ತರ ಬಂತು. ಯಾಕೆ ಅಂತ ಅವನಿಗೆ ಅರ್ಥವಾಗೋ ಹಾಗೆ ಯಾರೂ ಹೇಳಲಿಲ್ಲ.

ನಗರದಲ್ಲಿರೋ ನಮಗೆ ಇದು ಸಣ್ಣ ವಿಷಯ. ಊರಲ್ಲಿ ಹಾಗಲ್ಲ. ವಿಜಯಪುರ ಮಾರ್ಕೆಟ್ಟಿನ ರೇಷ್ಮೆಗೂಡಿನ ರೇಟು ಬರೋದು ಅದೇ ನಂಬರಿಗೆ. ತ್ರೀ ಫೇಸ್ ಕರೆಂಟು ಹಗಲೋ ರಾತ್ರಿಯೋ ಅಂತ ಲೈನ್‌ಮ್ಯಾನ್ ಹಾಕೋದು ಅದೇ ಗ್ರೂಪಿಗೆ. ಹಾಲಿನ ಡೈರಿ, ಮಕ್ಕಳ ಶಾಲೆ, ಪಂಚಾಯ್ತಿ ನೀರು ಬಿಡೋ ಹೊತ್ತು, ಎಲ್ಲ ಅಲ್ಲೇ. ಚಿಕ್ಕಪ್ಪನಿಗೆ ಸ್ಮಾರ್ಟ್‌ಫೋನ್ ಇಲ್ಲ, ಮನೆಗೆಲ್ಲ ಅದೊಂದೇ. "ಅಣ್ಣಾ, ನಾನೇನ್ ಕಳ್ಳತನ ಮಾಡಿದ್ನಾ? ಸಂಬಳಕ್ಕೆ ಕೆಲಸ ಮಾಡ್ದೆ ಅಷ್ಟೆ" ಅಂದ. ಲೇಔಟ್ ಆಫೀಸಿನವರು ಮುಂದಿನ ವಾರ ಇನ್ನೊಬ್ಬ ಹುಡುಗನನ್ನು ಸೇರಿಸ್ಕೊಂಡ್ರು. ಅವನದೂ ಸ್ವಂತ ಸಿಮ್.

ಇದೇ ಸಮಯಕ್ಕೆ ನಮ್ಮ ನೆಂಟರ ಗ್ರೂಪಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಯಾವುದೋ ಊರಲ್ಲಿ ಬುರ್ಖಾ ಹಾಕ್ಕೊಂಡ ಗಂಡಸರು ಮಕ್ಕಳನ್ನು ಹೊತ್ಕೊಂಡು ಹೋಗ್ತಿದ್ದಾರೆ, ಹುಷಾರು ಅಂತ. ಹಾಕಿದವರು ನಮ್ಮ ಅತ್ತೆ. ಊರಿನ ಮಕ್ಕಳಿಗೆಲ್ಲ ಕೈತುತ್ತು ಹಾಕಿ ಬೆಳೆಸಿದ ಜೀವ. ದುಡ್ಡಿಗಾಗಿ ಕಳಿಸಲಿಲ್ಲ, ತಂತ್ರಾಂಶ ಬಳಸಲಿಲ್ಲ, ಐದೇ ಜನಕ್ಕೆ ಕಳಿಸಿದ್ರು. ಷರತ್ತುಪತ್ರದ ಲೆಕ್ಕದಲ್ಲಿ ರಾಶಿ ಮೆಸೇಜಿನ ಯಂತ್ರಕ್ಕೆ ಅತ್ತೆ ಸಿಗೋದೇ ಇಲ್ಲ.

ಈಗ ತೂಕ ಮಾಡಿ. ಹುಡುಗನ ಮೆಸೇಜಿನಿಂದ ನೂರಾರು ಜನಕ್ಕೆ ಕಿರಿಕಿರಿ ಆಯ್ತು, ಯಾರಿಗೂ ಗಾಯ ಆಗಲಿಲ್ಲ. ಅತ್ತೆಯ ಮೆಸೇಜು ಯಾರನ್ನೂ ಕಾಡಲಿಲ್ಲ, ಎಲ್ಲರೂ ಕೃತಜ್ಞತೆಯಿಂದ ಕೈಮುಗಿಯೋ ಚಿತ್ರ ಹಾಕಿದ್ರು. ಆದ್ರೆ ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿದ ಭಯ ಹುಟ್ಟೋದು ಅತ್ತೆಯಂಥವರ ಪ್ರೀತಿಯಿಂದ, ಹುಡುಗನ ಸೈಟಿನಿಂದಲ್ಲ. ಬ್ಯಾನ್ ಆಗಿದ್ದು ಹುಡುಗ.

ಹಾಗಂತ ರಾಶಿ ಮೆಸೇಜು ಬರೀ ಸೈಟಿನದೇ ಅಲ್ಲ. 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಸುಮಾರು ಸಾವಿರ ರೂಪಾಯಿಗೆ ಸಿಗುವ ತಂತ್ರಾಂಶ ಬಳಸಿ ವಾಟ್ಸಾಪಿನ ಮಿತಿಗಳನ್ನು ದಾಟ್ತಿದ್ದಾರೆ ಅಂತ ರಾಯ್ಟರ್ಸ್ ವರದಿ ಮಾಡಿತ್ತು. ಅದಾದ ಮುಂದಿನ ತಿಂಗಳೇ ಕಂಪನಿಯ ಆ ಸೂಚನೆ. ಸಾವಿರ ಫೋನಿಗೆ ಒಂದೇ ಸುಳ್ಳನ್ನು ಒಂದೇ ನಿಮಿಷದಲ್ಲಿ ಇಳಿಸೋ ಯಂತ್ರ ಅಪಾಯಕಾರಿ. ಅದನ್ನು ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ತಡೆಯೋದರ ಬಗ್ಗೆ ಅಲ್ಲ. ತಡೆಯೋ ಕೈ ಯಾರ ನೋವನ್ನು ಲೆಕ್ಕಕ್ಕೆ ತಗೊಳ್ಳುತ್ತೆ ಅನ್ನೋದರ ಬಗ್ಗೆ.

ಒಂದು ಮೆಸೇಜಿನಿಂದ ಮೂರು ಥರದ ಅನ್ಯಾಯ ಆಗಬಹುದು. ಒಂದು, ಮನೆ ಯಜಮಾನನಿಗೆ: ಷರತ್ತು ಮುರಿದದ್ದು. ಎರಡು, ಮೆಸೇಜು ಪಡೆದವನಿಗೆ: ಮೋಸ, ಕಿರುಕುಳ, ಗೂಢಚಾರಿಕೆ. ಮೂರು, ಮೆಸೇಜು ನೋಡೇ ಇರದ ಮೂರನೆಯವನಿಗೆ, ಕಾರಿನಲ್ಲಿ ಬಂದು ಸಿಕ್ಕಿಹಾಕ್ಕೊಂಡವನಿಗೆ. ನೋವು ಮೂರನೆಯದರಲ್ಲಿ ಅತಿ ಹೆಚ್ಚು. ಕಂಪನಿಯ ದಾವೆ ಹುಟ್ಟೋದು ಮೊದಲನೆಯದರಿಂದ ಮಾತ್ರ.

ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಪೆಗಾಸಸ್ ಕೇಸು. 2019ರ ಅಕ್ಟೋಬರ್ 29ರಂದು ವಾಟ್ಸಾಪ್ ಇಸ್ರೇಲಿನ ಎನ್‌ಎಸ್‌ಒ ಕಂಪನಿ ಮೇಲೆ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತು. ವಾಟ್ಸಾಪಿನ ವಿಡಿಯೊ ಕಾಲ್ ವ್ಯವಸ್ಥೆಯ ದೋಷ ಬಳಸಿ ಸುಮಾರು 1,400 ಫೋನುಗಳಿಗೆ ಗೂಢಚಾರಿ ತಂತ್ರಾಂಶ ಕಳಿಸಿದ್ರು ಅನ್ನೋದು ಆರೋಪ. ಗುರಿಯಾದವರಲ್ಲಿ ಪತ್ರಕರ್ತರು, ವಕೀಲರು, ಮಾನವ ಹಕ್ಕುಗಳ ಹೋರಾಟಗಾರರು ಇದ್ದರು, ಭಾರತದವರೂ ಇದ್ದರು. 2024ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶೆ ಫಿಲಿಸ್ ಹ್ಯಾಮಿಲ್ಟನ್ ಎನ್‌ಎಸ್‌ಒ ಹೊಣೆ ಅಂದರು. 2025ರ ಮೇ ತಿಂಗಳಲ್ಲಿ ಜ್ಯೂರಿ ದಂಡದ ರೂಪದಲ್ಲಿ ಸುಮಾರು 16.7 ಕೋಟಿ ಡಾಲರ್ ಕೊಡಿಸಿತು. ಅಕ್ಟೋಬರ್‌ನಲ್ಲಿ ನ್ಯಾಯಾಧೀಶೆ ಅದನ್ನು ಸುಮಾರು 40 ಲಕ್ಷ ಡಾಲರಿಗೆ ಇಳಿಸಿ, ಇನ್ನು ಮುಂದೆ ವಾಟ್ಸಾಪ್ ತಂಟೆಗೆ ಬರಬಾರದು ಅಂತ ಶಾಶ್ವತ ತಡೆ ಹಾಕಿದರು.

ಇದರಲ್ಲಿ ನನಗೆ ಮುಖ್ಯ ಅನ್ಸೋದು ಆ ದೊಡ್ಡ ಮೊತ್ತ ಅಲ್ಲ, ಚಿಕ್ಕದು. ದಂಡ ಬಿಟ್ಟು ನಿಜವಾದ ನಷ್ಟಪರಿಹಾರ ಅಂತ ಜ್ಯೂರಿ ಕೊಟ್ಟಿದ್ದು 4,44,719 ಡಾಲರ್. ಅದು ಯಾವುದರ ಲೆಕ್ಕ ಅಂದ್ರೆ, ಆ ತೂತು ಮುಚ್ಚೋಕೆ ವಾಟ್ಸಾಪಿನ ಎಂಜಿನಿಯರುಗಳು ಪಟ್ಟ ಶ್ರಮದ್ದು. ಗೂಢಚಾರಿಕೆಗೆ ಒಳಗಾದ ಪತ್ರಕರ್ತೆಯ ಹೆದರಿಕೆಯದ್ದಲ್ಲ, ಮೂಲ ಹೊರಬಿದ್ದ ವಕೀಲನದ್ದಲ್ಲ. ಎಂಜಿನಿಯರ್ ಆಗಿ ನನಗೆ ಆ ರಾತ್ರಿ ಪಾಳಿಯ ಕಷ್ಟ ಗೊತ್ತು, ಅದಕ್ಕೂ ಬೆಲೆ ಇದೆ. ಆದ್ರೆ ಇಡೀ ಪ್ರಕರಣದಲ್ಲಿ ಅಳತೆಗೆ ಸಿಕ್ಕ ನೋವು ಅದೊಂದೇ ಅಂದ್ರೆ ಹೇಗೆ? ಗೆದ್ದ ದುಡ್ಡು ಕೈಗೆ ಬಂದ್ರೆ ಡಿಜಿಟಲ್ ಹಕ್ಕುಗಳ ಸಂಸ್ಥೆಗಳಿಗೆ ಕೊಡ್ತೀವಿ ಅಂತ ಮೆಟಾ ಹೇಳಿದೆ. ಸಂತೋಷ. ಆದ್ರೆ ಅದು ಯಜಮಾನನ ಔದಾರ್ಯ, ನೊಂದವನ ಹಕ್ಕಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ರೆ ಅನ್ಯಾಯ. ಎನ್‌ಎಸ್‌ಒ ತಾನು ಸರ್ಕಾರಗಳಿಗೆ ಮಾತ್ರ ಮಾರ್ತೀನಿ ಅಂತ ಹೇಳ್ಕೊಳ್ಳುವ ಕಂಪನಿ. ಕೊಳ್ಳೋನು ಸರ್ಕಾರವೇ ಆದಾಗ ಪೊಲೀಸ್ ಸ್ಟೇಷನ್ನಿಗೆ ಹೋಗಿ ಯಾರ ಮೇಲೆ ಕಂಪ್ಲೇಂಟ್ ಕೊಡ್ತೀರಿ? ಆರು ವರ್ಷ ಅಮೆರಿಕದ ಕೋರ್ಟು ಅಲೆಯೋ ತಾಕತ್ತು ಯಾವ ಪತ್ರಕರ್ತನಿಗಿದೆ? ನಮ್ಮಲ್ಲಿ ಹೊಲದ ಬದುವಿನ ತಕರಾರಿಗೆ ದೊಡ್ಡಬಳ್ಳಾಪುರ ಕೋರ್ಟಿಗೆ ಓಡಾಡಿಯೇ ಅರ್ಧ ಎಕರೆ ಮಾರಿದವರಿದ್ದಾರೆ. ಯಜಮಾನ ತನ್ನ ಸ್ವಾರ್ಥಕ್ಕೇ ಹೋಗಿರಲಿ, ಅವನು ಹೋಗಿದ್ದರಿಂದ ಕತ್ತಲಲ್ಲಿದ್ದ ವಿಷಯ ಬೆಳಕಿಗೆ ಬಂತು. ಸ್ವಾರ್ಥದಿಂದ ಹುಟ್ಟಿದ ಒಳಿತೂ ಒಳಿತೇ. ಹಾಗಾಗಿ ಕಂಪನಿಗಳು ಬಳಕೆದಾರರ ಮೇಲೆ ಕೋರ್ಟಿಗೆ ಹೋಗಲೇಬಾರದು ಅನ್ನೋ ಗೆಳೆಯರ ವಾದ ನಾನು ಒಪ್ಪಲ್ಲ. ಗೊತ್ತಿದ್ದೂ, ಸಂಘಟಿತವಾಗಿ, ಲಾಭಕ್ಕಾಗಿ ಹಾಳು ಮಾಡೋರ ಮೇಲೆ ಹೋಗಲಿ. ಕೋರ್ಟಿನಲ್ಲಿ ಎದುರು ಕಕ್ಷಿಗೂ ಮಾತಾಡೋ ಅವಕಾಶ ಇರುತ್ತೆ, ಸಾಕ್ಷಿ ತೋರಿಸಬೇಕಾಗುತ್ತೆ, ಮೇಲ್ಮನವಿ ಇರುತ್ತೆ.

ನನ್ನ ಹೆದರಿಕೆ ಕೋರ್ಟಿನದ್ದಲ್ಲ, ಕೋರ್ಟಿಗೆ ಹೋಗದೇ ಆಗೋ ತೀರ್ಪಿನದ್ದು. 2021ರ ಐಟಿ ನಿಯಮಗಳು ಬಂದ ಮೇಲೆ ವಾಟ್ಸಾಪ್ ಪ್ರತಿ ತಿಂಗಳು ಲೆಕ್ಕ ಕೊಡ್ತಿದೆ. ಮೊದಲ ವರದಿಯ ಪ್ರಕಾರ 2021ರ ಮೇ 15ರಿಂದ ಜೂನ್ 15ರವರೆಗಿನ ಒಂದೇ ತಿಂಗಳಲ್ಲಿ ಭಾರತದ 20 ಲಕ್ಷ ಖಾತೆಗಳು ಬ್ಯಾನ್ ಆಗಿದ್ದವು. ಅದರಲ್ಲಿ ಶೇ 95ಕ್ಕೂ ಹೆಚ್ಚು ರಾಶಿ ಮೆಸೇಜಿನ ಕಾರಣಕ್ಕೆ. ಅದೇ ಅವಧಿಯಲ್ಲಿ ಬಂದ ದೂರುಗಳು 345. ಅಂದ್ರೆ ಈ ತೀರ್ಪುಗಳಲ್ಲಿ ಹೆಚ್ಚಿನವನ್ನು ಯಂತ್ರವೇ ಕೊಟ್ಟಿದೆ, ಯಾರೂ ದೂರದೇ. ಬಹುಪಾಲು ಸರಿಯೇ ಇರಬಹುದು, ಮೋಸಗಾರರೇ ಇರಬಹುದು. ಆದ್ರೆ ನೂರಕ್ಕೆ ಒಂದು ತಪ್ಪಾದ್ರೂ 20 ಸಾವಿರ ಮನೆ. ಆ ಮನೆಗಳಲ್ಲಿ ಒಂದರ ಚಿಕ್ಕಪ್ಪನಿಗೆ ಗೂಡಿನ ರೇಟು ಗೊತ್ತಾಗಲ್ಲ.

ತಿರುಗಿ ಬಳಕೆದಾರ ಕಂಪನಿ ಮೇಲೆ ಹೋಗಬೇಕಂದ್ರೆ? ನಾವು ಒಪ್ಪಿಗೆ ಒತ್ತಿದ ಷರತ್ತುಪತ್ರದ ಪ್ರಕಾರ ವಾಜ್ಯ ನಡೆಯಬೇಕಾದ್ದು ಕ್ಯಾಲಿಫೋರ್ನಿಯಾದಲ್ಲಿ. ಹೊಸಕೋಟೆ ಸಂತೆಯಲ್ಲಿ ತರಕಾರಿ ಮಾರೋ ಮನುಷ್ಯ ಸ್ಯಾನ್ ಮಟಿಯೊ ಕೌಂಟಿ ಎಲ್ಲಿದೆ ಅಂತ ಹುಡುಕ್ತಾ ಕೂರಬೇಕು. ಬಡವನ ಕೋಪ ದವಡೆಗೆ ಮೂಲ. ಎಸ್ಸೆಮ್ಮೆಸ್ ವಿಷಯದಲ್ಲಿ ಹೀಗಿಲ್ಲ ನೋಡಿ. ಅಲ್ಲಿ ಟ್ರಾಯ್ ಇದೆ, 1909ಕ್ಕೆ ದೂರು ಕೊಡಬಹುದು, ಜಾಹೀರಾತು ಕಳಿಸೋ ಕಂಪನಿ ನೋಂದಾಯಿಸಿಕೊಳ್ಳಬೇಕು. ನಿಯಮ ಮಾಡಿದವರು ಒಬ್ಬರು, ಮೆಸೇಜು ಸಾಗಿಸೋರು ಇನ್ನೊಬ್ಬರು. ವಾಟ್ಸಾಪಿನಲ್ಲಿ ಕಾನೂನು ಬರೆಯೋನೂ ಅವನೇ, ಕಾವಲುಗಾರನೂ ಅವನೇ, ಫಿರ್ಯಾದಿಯೂ ಅವನೇ.

ಹಾಗಾದ್ರೆ ಎಲ್ಲವನ್ನೂ ಸರ್ಕಾರಕ್ಕೇ ಕೊಟ್ಟುಬಿಡೋಣವಾ ಅಂತ ಕೇಳಬಹುದು. ಸರ್ಕಾರ 2021ರಲ್ಲಿ ಕೇಳಿದ್ದು ಮೆಸೇಜನ್ನು ಮೊದಲು ಕಳಿಸಿದವನು ಯಾರು ಅಂತ ತೋರಿಸೋ ವ್ಯವಸ್ಥೆಯನ್ನ. ಅದನ್ನು ವಾಟ್ಸಾಪ್ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಒಬ್ಬನನ್ನು ಹುಡುಕೋಕೆ ಎಲ್ಲರ ಪತ್ರಕ್ಕೂ ಗುರುತು ಹಾಕಬೇಕಾಗುತ್ತೆ, ತಾಂತ್ರಿಕವಾಗಿ ಆ ಅಳುಕು ನ್ಯಾಯವಾದದ್ದೇ. ಯಜಮಾನನ ಕೈಯಿಂದ ದೊಣ್ಣೆ ಕಿತ್ತು ಅದಕ್ಕಿಂತ ದೊಡ್ಡ ಯಜಮಾನನಿಗೆ ಕೊಟ್ಟರೆ ಪಡಸಾಲೆಯಲ್ಲಿ ಕೂತವರಿಗೇನು ಸಿಕ್ಕಂಗಾಯ್ತು?

ನಾನು ಎಂಜಿನಿಯರ್ ಆಗಿರೋದ್ರಿಂದ ನನ್ನ ಯೋಚನೆ ಬೇರೆ ಕಡೆ ಹೋಗುತ್ತೆ. ದಾಬಸ್‌ಪೇಟೆ ಕಡೆ ಶಾಲೆ ಮುಂದೆ ಲಾರಿಗಳು ಜೋರಾಗಿ ಹೋಗ್ತಿದ್ರೆ ಪ್ರತಿ ಡ್ರೈವರ್ ಮೇಲೆ ಕೇಸು ಹಾಕ್ತಾ ಕೂರಲ್ಲ, ಒಂದು ಹಂಪ್ ಹಾಕ್ತಾರೆ. ಮುರ್ಕಿಯ ಘಟನೆ ಆದ ಒಂದು ವಾರದಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸೋದಾಗಿ ಹೇಳಿತು. ಅದಾಗಲೇ ಬೇರೆ ರಾಜ್ಯಗಳಲ್ಲೂ ಸಾವುಗಳಾಗಿ ಕೇಂದ್ರ ಸರ್ಕಾರ ಎಚ್ಚರಿಸಿತ್ತು. 2020ರ ಏಪ್ರಿಲ್‌ನಲ್ಲಿ ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೇ ಕಳಿಸೋ ಹಾಗೆ ಮಾಡಿತು. ಅದರಿಂದ ಅಂಥ ಮೆಸೇಜುಗಳು ಶೇ 70ರಷ್ಟು ಕಡಿಮೆ ಆದವು ಅಂತ ಕಂಪನಿಯೇ ಹೇಳಿದೆ. ಯಾರ ಮೇಲೂ ಕೇಸಿಲ್ಲ, ಯಾರ ಮೆಸೇಜನ್ನೂ ಓದಿಲ್ಲ, ಅತ್ತೆಯ ಪ್ರೀತಿಗೂ ಅವಮಾನ ಇಲ್ಲ. ಒಂದು ಹಂಪ್ ಅಷ್ಟೆ.

ಹಾಗಿದ್ರೆ ಆ ಹಂಪ್ ಮೊದಲೇ ಯಾಕಿರಲಿಲ್ಲ? ಇದು ನೈತಿಕ ಪ್ರಶ್ನೆ, ತಾಂತ್ರಿಕ ಪ್ರಶ್ನೆಯಲ್ಲ. ಆ ಬಟನ್ನನ್ನು ಯಾರೋ ಒಬ್ಬ ಎಂಜಿನಿಯರ್ ಬರೆದ. ಎಷ್ಟು ಸುಲಭವಾಗಿ ಹಂಚಬಹುದೋ ಅಷ್ಟು ಒಳ್ಳೇದು ಅಂತ ಯಾವುದೋ ಮೀಟಿಂಗಿನಲ್ಲಿ ತೀರ್ಮಾನ ಆಯ್ತು. ಆ ಮೀಟಿಂಗಿನಲ್ಲಿ ಮುರ್ಕಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸಾವಿರ ರೂಪಾಯಿಯ ರಾಶಿ ಮೆಸೇಜಿನ ತಂತ್ರಾಂಶ ಬರೆದವರೂ ನಮ್ಮಂಥವರೇ. ಲೇಔಟ್ ಆಫೀಸಿನ ಲ್ಯಾಪ್‌ಟಾಪಿನಲ್ಲಿದ್ದದ್ದು ಆಕಾಶದಿಂದ ಬಿದ್ದದ್ದಲ್ಲ. ಪರಿಚಯದವರೊಬ್ಬರು ಅಂಥದ್ದನ್ನು ವಾರಾಂತ್ಯದಲ್ಲಿ ಬರೆದುಕೊಡು ಅಂತ ನನ್ನನ್ನೂ ಕೇಳಿದ್ರು. ಒಲ್ಲೆ ಅಂದೆ. ಅವರಿಗೆ ಬೇರೆಯವರು ಸಿಕ್ಕಿದ್ರು, ಬೆಂಗಳೂರಲ್ಲಿ ನಮಗೇನು ಬರವಾ? ವಾಟ್ಸಾಪಿನ ಸೂಚನೆಯಲ್ಲಿ "ನೆರವಾಗುವವರ ಮೇಲೆ" ಅನ್ನೋ ಮಾತು ನಿಜವಾಗಿ ತಾಗಬೇಕಾದ್ದು ಇವರಿಗೆ. ತಾಗೋದು ಸಿಮ್ ಯಾರದೋ ಅವನಿಗೆ.

ಕಂಪನಿಗಳಿಂದ ನಾನು ಕೇಳೋದು ಇಷ್ಟೇ. ಕೋರ್ಟಿಗೆ ಹೋಗಿ, ಆದ್ರೆ ಯಂತ್ರ ಮಾಡಿದವನ, ದುಡ್ಡು ಕೊಟ್ಟವನ ಮೇಲೆ ಮೊದಲು ಹೋಗಿ. ಬ್ಯಾನ್ ಮಾಡಿ, ಆದ್ರೆ ಕನ್ನಡದಲ್ಲಿ ಕಾರಣ ಹೇಳಿ, ಒಂದು ಸಲ ಎಚ್ಚರಿಸಿ, ಮನುಷ್ಯರೊಬ್ಬರು ಕೇಳಿಸ್ಕೊಳ್ಳಲಿ. ಊರಿನ ಜೀವನವೆಲ್ಲ ನಿಮ್ಮ ಪಡಸಾಲೆಗೆ ಬಂದು ಕೂತ ಮೇಲೆ "ನನ್ನ ಮನೆ, ನನ್ನಿಷ್ಟ" ಅನ್ನೋ ಮಾತಿಗೆ ಹಳೇ ಬೆಲೆ ಇರಲ್ಲ. ಕಟ್ಟೆಯ ಲಾಭ ಪಡೆದವನಿಗೆ ಕಟ್ಟೆಯ ಧರ್ಮವೂ ಇರಬೇಕು.

ಉಳಿದದ್ದು ನಮ್ಮದು. ಎರಡು ಕೆಲಸ. ಆಫೀಸಿನಲ್ಲಿ ಯಾವುದಾದ್ರೂ ಬಟನ್ ಬರೆಯೋ ಮುಂಚೆ, ಇದನ್ನು ಹೆದರಿದ ಜನ ಒತ್ತಿದ್ರೆ ಏನಾಗುತ್ತೆ ಅಂತ ಆ ಮೀಟಿಂಗಿನಲ್ಲೇ ಒಬ್ಬರಾದ್ರೂ ಕೇಳೋದು. ಬಿಡುಗಡೆ ದಿನಾಂಕ ಹತ್ತಿರ ಇದ್ರೂ ಕೇಳೋದು. ಇನ್ನೊಂದು, ಅತ್ತೆಗೆ ಫೋನ್ ಮಾಡೋದು. ಗ್ರೂಪಿನಲ್ಲಿ ಎಲ್ಲರ ಮುಂದೆ "ಇದು ಸುಳ್ಳು" ಅಂತ ಲಿಂಕ್ ಎಸೆದರೆ ಅವರಿಗೆ ಉಳಿಯೋದು ಅವಮಾನ ಮಾತ್ರ. ನಾನು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಮುರ್ಕಿಯಲ್ಲಿ ಸತ್ತವರ ಬಗ್ಗೆ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ಅವನೂ ಮಗುವಿಗೆ ಚಾಕ್ಲೇಟ್ ಕೊಟ್ನಂತಾ? ನಾನೂ ಬಸ್ಸಲ್ಲಿ ಎಷ್ಟ್ ಮಕ್ಕಳಿಗೆ ಕೊಡ್ತೀನಲ್ಲೋ" ಅಂದರು.

ಆ ಧ್ವನಿ ಸಂದೇಶವನ್ನು ಅವರೇ ಅಳಿಸಿದ್ರು. ಮುಂದೆ ಕಳಿಸಿದ್ದ ಐದು ಜನಕ್ಕೂ ಒಬ್ಬೊಬ್ಬರಿಗೆ ಫೋನ್ ಮಾಡಿ ಹೇಳಿದ್ರಂತೆ. ಅವರಲ್ಲಿ ಇಬ್ಬರು ಅದಾಗಲೇ ಬೇರೆಯವರಿಗೆ ಕಳಿಸಿಯಾಗಿತ್ತು.